ಯುದ್ಧ ಮುಗಿಯಿತು, ಊರು ಇನ್ನೂ ದೂರ

1918ರ ಅಕ್ಟೋಬರ್ 31, ಮಧ್ಯಾಹ್ನ. ಮೊದಲ ಮಹಾಯುದ್ಧದಲ್ಲಿ ತುರ್ಕಿಯೊಂದಿಗಿನ ಕದನವಿರಾಮ ಹನ್ನೆರಡಕ್ಕೆ ಜಾರಿಯಾಗಿದೆ. ಸಿರಿಯಾದ ಅಲೆಪ್ಪೊ ನಗರದ ಹೊರಗೆ, ಬ್ರಿಟಿಷರ ಪರ ಹೋರಾಡಿದ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ದಳದ ಬಿಡಾರ. ಐದೇ ದಿನದ ಹಿಂದೆ, 26ರಂದು, ಹತ್ತಿರದ ಹರಿತಾನ್ ಹಳ್ಳಿಯಲ್ಲಿ ಇವರೂ ಜೋಧಪುರದ ಲ್ಯಾನ್ಸರ್‌ಗಳೂ ಭರ್ಜಿ ಹಿಡಿದು ನುಗ್ಗಿದ್ದರು. ಎದುರಿಗಿದ್ದ ಪಡೆ ಎಣಿಸಿದ್ದಕ್ಕಿಂತ ದೊಡ್ಡದಿತ್ತು. ಇವರ ಬ್ರಿಗೇಡಿನ ಸುಮಾರು 80 ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಇನ್ನೈದು ದಿನ ತಡೆದಿದ್ದರೆ? ಈ ಲೆಕ್ಕ ಬಿಡಾರದಲ್ಲಿ ಯಾರಿಗೆ ತಾನೇ ಹೊಳೆಯದು!

ಒಬ್ಬ ಸವಾರನ ಪಕ್ಕ ಕೂರೋಣ. ಚನ್ನಪಟ್ಟಣದ ಕಡೆಯವನೆಂದು ಇಟ್ಟುಕೊಳ್ಳಿ. 1914ರ ಅಕ್ಟೋಬರಿನಲ್ಲಿ ದಳದೊಂದಿಗೆ ಬೆಂಗಳೂರು ಬಿಟ್ಟವನು, ಸೂಯೆಜ್ ಕಾಲುವೆ ಕಾದವನು, ಸೆಪ್ಟೆಂಬರ್ 23ರಂದು ಹೈಫಾದ ಕಾರ್ಮೆಲ್ ಬೆಟ್ಟ ಹತ್ತಿ ತುರ್ಕಿ ತೋಪುಗಳ ಮೇಲೆ ಬಿದ್ದವನು. ಅವನ ಡಿವಿಷನ್ 38 ದಿನಗಳಲ್ಲಿ ಸುಮಾರು 880 ಕಿಲೋಮೀಟರ್ ಕ್ರಮಿಸಿ ಇಲ್ಲಿಗೆ ಬಂದಿದೆ. ಈಗ ಮುಂದಕ್ಕೆ ಹೋಗುವ ಹುಕುಂ ಇಲ್ಲ, ಹಿಂದಕ್ಕೂ ಇಲ್ಲ.

ಚಳಿಗಾಲ ಬರುತ್ತದೆ. ಇಂದು ರಾಮನಗರವೆನಿಸಿದ ಕ್ಲೋಸ್‌ಪೇಟೆಯ ಬಂಡೆಗಳ ಬಿಸಿಲು ಕಂಡ ಮೈಗೆ ಅಲೆಪ್ಪೊದ ಚಳಿ ಚರ್ಮ ಸೀಳುತ್ತದೆ. ಮಲೇರಿಯಾ, ಇನ್‌ಫ್ಲುಯೆಂಜಾ ಮದ್ದುಗುಂಡಿಗಿಂತ ಹೆಚ್ಚು ಜನರನ್ನು ಮಲಗಿಸುತ್ತವೆ. ಊರಿನ ಸುದ್ದಿಯೂ ನೆಮ್ಮದಿಯದಲ್ಲ. ಅದೇ ಇನ್‌ಫ್ಲುಯೆಂಜಾ ಮೈಸೂರು ಸೀಮೆಗೂ ನುಗ್ಗಿದೆ, ದೇಶದಲ್ಲಿ ಕೋಟಿಗೂ ಹೆಚ್ಚು ಜನ ಸತ್ತ ಕಾಲ ಅದು. ಮಳೆ ಕೈಕೊಟ್ಟಿದೆ, ಧಾನ್ಯದ ಬೆಲೆ ಏರಿದೆ. ಕಾಗದ ಬರೆದವರು ಕಾಗದ ತಲುಪುವ ಹೊತ್ತಿಗೆ ಬದುಕಿದ್ದಾರೋ ಇಲ್ಲವೋ. ಯುದ್ಧಭೂಮಿಯಲ್ಲಿ ನಿಂತವನು ಮನೆಯವರ ಜೀವಕ್ಕೆ ಹೆದರುತ್ತ ದಿನ ದೂಡಬೇಕು. ನನಗೆ ಇದು ಹರಿತಾನ್‌ಗಿಂತ ಕ್ರೂರವೆನಿಸುತ್ತದೆ.

ಇವರನ್ನು ಊರಿಗೆ ಯಾಕೆ ಬಿಡುವುದಿಲ್ಲ? ಕದನ ನಿಂತಿದೆಯೇ ಹೊರತು ತುರ್ಕಿಯೊಡನೆ ಶಾಂತಿ ಒಪ್ಪಂದವಾಗಿಲ್ಲ. ಗೆದ್ದ ನೆಲಕ್ಕೆ ಕಾವಲು ಬೇಕು. 1919ರ ಮಾರ್ಚಿನಲ್ಲಿ ಈಜಿಪ್ಟ್ ಬ್ರಿಟಿಷರ ವಿರುದ್ಧ ದಂಗೆಯೆದ್ದಾಗ, ಬಿಡುಗಡೆಯ ಸರದಿಯಲ್ಲಿದ್ದ ಸೈನಿಕರನ್ನೂ ತಡೆದು ನಿಲ್ಲಿಸಿದರು. ಬ್ರಿಟಿಷ್ ಸೇನೆ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲೇ ಮಾರಿತು. ತನ್ನನ್ನು ನಾಲ್ಕು ವರ್ಷ ಬೆನ್ನ ಮೇಲೆ ಹೊತ್ತ ಪ್ರಾಣಿಯ ಮೈ ತಿಕ್ಕುವಾಗ ಇದನ್ನೂ ಮಾರಿಬಿಡುವರೇನೋ ಎಂಬ ಯೋಚನೆಯೂ ನಮ್ಮ ಸವಾರನಿಗೆ ಬಂದಿರಲೇಬೇಕು.

ಬೇಸಿಗೆ ಹೋಗುತ್ತದೆ. ಇನ್ನೊಂದು ದಸರೆ, ಇನ್ನೊಂದು ಚಳಿಗಾಲ. 1920ರಲ್ಲಿ ಹಡಗು, ಆಮೇಲೆ ರೈಲು, ಬೆಂಗಳೂರು. ಅಲ್ಲಿಂದ ಮೈಸೂರಿನ ಮೀಟರ್‌ಗೇಜ್ ಗಾಡಿ. ಕೆಂಗೇರಿ, ಬಿಡದಿ, ಬೆಟ್ಟಗಳ ನಡುವಿನ ಕ್ಲೋಸ್‌ಪೇಟೆ, ಮುಂದೆ ಚನ್ನಪಟ್ಟಣ. ಮಾಗಡಿಯವನಿಗೋ ಕಾನಕಾನಹಳ್ಳಿ ಎಂದು ಕರೆಯುತ್ತಿದ್ದ ಕನಕಪುರದವನಿಗೋ ರೈಲಿಳಿದ ಮೇಲೂ ಊರು ಬರುತ್ತಿರಲಿಲ್ಲ. ಎತ್ತಿನಗಾಡಿ ಸಿಕ್ಕರೆ ಗಾಡಿ, ಇಲ್ಲದಿದ್ದರೆ ನಡಿಗೆ.

ಮಡಿದ ಲ್ಯಾನ್ಸರ್‌ಗಳ ನೆನಪಿಗೆ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಕಂಬವಿದೆ, ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಮರಳಿ ಬಂದವರಿಗೆ ಇರುವುದು ಮನೆಯ ಹಳೆ ಪೆಟ್ಟಿಗೆಗಳಷ್ಟೆ. ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ತಾಲ್ಲೂಕುಗಳಲ್ಲಿ ಯಾರ ಅಟ್ಟದಲ್ಲಾದರೂ ಐದನೇ ಜಾರ್ಜ್ ಮುಖವಿರುವ ಬೆಳ್ಳಿ ಪದಕ ಸಿಕ್ಕರೆ, ತೂಕಕ್ಕೆ ಹಾಕಬೇಡಿ. ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸೈನಿಕನ ಹೆಸರನ್ನೂ ದಳವನ್ನೂ ಅಲ್ಲಿ ಅಚ್ಚೊತ್ತಿರುತ್ತಾರೆ. ಬರೆದಿಟ್ಟುಕೊಳ್ಳಿ, ಮಕ್ಕಳಿಗೆ ಹೇಳಿ.