ಹತ್ತೋವಾಗ ಲೋಡು, ಇಳಿಯೋವಾಗ ಖಾಲಿ

ಹೈಬ್ರಿಡ್ ಗಾಡಿ ಅಂದ ತಕ್ಷಣ ನಮ್ಮ ಕ್ಲಾಸಿನಲ್ಲಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಮೈಲೇಜ್ ಎಷ್ಟು?" ಫೈನಲ್ ಇಯರ್ ಪ್ರಾಜೆಕ್ಟಿಗೆ ನಮ್ಮ ತಂಡ ಸೇನೆಯ ಹೈಬ್ರಿಡ್ ಲಾರಿಯನ್ನು ಆರಿಸಿಕೊಂಡ ಮೇಲೆ ತಿಳಿಯಿತು, ಅಲ್ಲಿನ ಲೆಕ್ಕವೇ ಬೇರೆ.

ವಿಷಯ ಹೊಸದೇನೂ ಅಲ್ಲ. 1943ರಲ್ಲಿ ಕುರ್ಸ್ಕ್ ಕದನಕ್ಕಿಳಿದ ಜರ್ಮನಿಯ 'ಫರ್ಡಿನಾಂಡ್' ಗಾಡಿಯಲ್ಲಿ ಎರಡು ಪೆಟ್ರೋಲ್ ಎಂಜಿನ್ನುಗಳು ಜನರೇಟರ್ ತಿರುಗಿಸುತ್ತಿದ್ದವು, ಗಾಡಿ ಎಳೆಯುತ್ತಿದ್ದದ್ದು ಮೋಟರ್. ನಮ್ಮ ಬೆಮೆಲ್ ತಯಾರಿಸಿದ 205 ಟನ್ನಿನ ಗಣಿ ಡಂಪರಿನಲ್ಲೂ ಡೀಸೆಲ್ ಎಂಜಿನ್ ಜೊತೆ ಇದೇ ತತ್ವ ಇದೆ. ಇದಕ್ಕೆ ದೊಡ್ಡ ಬ್ಯಾಟರಿ ಸೇರಿಸಿದರೆ ಸೈನ್ಯಕ್ಕೆ ಎರಡು ಲಾಭ. ಒಂದು, ಎಂಜಿನ್ ಆಫ್ ಮಾಡಿ ಸದ್ದಿಲ್ಲದೆ ರೇಡಿಯೋ, ಕ್ಯಾಮೆರಾ ನಡೆಸಬಹುದು. ಎರಡು, ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಚಾರ್ಜ್ ವಾಪಸ್ ಬರುತ್ತದೆ. ಬ್ರೇಕಿನಿಂದ ಕರೆಂಟ್ ವಾಪಸ್ ಪಡೆಯೋದನ್ನ ವಿಜಯನಗರ ಸ್ಟೇಷನ್ನಿಗೆ ಬರೋ ಮೆಟ್ರೋನೂ ಮಾಡುತ್ತೆ.

ಈ ಸ್ಲೈಡುಗಳನ್ನು ಮಾರೇನಹಳ್ಳಿಯ ಮನೆಯಲ್ಲಿ ದೊಡ್ಡಪ್ಪನಿಗೆ ತೋರಿಸಿದೆ. ಅವರು ಸೇನೆಯಲ್ಲಿ ಲಾರಿ ಓಡಿಸಿ ನಿವೃತ್ತರಾದವರು. ಹಿಮ ಬಿದ್ದು ರಸ್ತೆ ಮುಚ್ಚುವ ಮೊದಲೇ ಲಡಾಖಿಗೆ ರೇಷನ್, ಸೀಮೆಎಣ್ಣೆ, ಡೀಸೆಲ್ ಎಲ್ಲಾ ಸಾಗಿಸಿಡಬೇಕು. ಆ ಕಾನ್ವಾಯ್‌ಗಳಲ್ಲಿ ಅವರಿದ್ದರು.

"ಹತ್ತೋವಾಗ ಲೋಡು, ಇಳಿಯೋವಾಗ ಖಾಲಿ ಕಣೋ. ಖಾಲಿ ಗಾಡಿಯಿಂದ ನಿಂಗೆಷ್ಟು ಚಾರ್ಜ್ ಸಿಗುತ್ತೆ?" ಅಂದರು.

ನಿಜ. ಖಾಲಿ ಲಾರಿಯ ತೂಕ ಅರ್ಧವಾದರೆ ಅದೇ ಇಳಿಜಾರಿನಲ್ಲಿ ಸಿಗೋ ಶಕ್ತಿಯೂ ಹೆಚ್ಚೆಂದರೆ ಅರ್ಧ. ಮನಾಲಿ ದಾರಿಯಲ್ಲಿ ಬಾರಾಲಾಚಾ, ತಂಗ್ಲಾಂಗ್ ಹೀಗೆ ಕಣಿವೆಗಳು ಒಂದಾದ ಮೇಲೊಂದು ಬರೋದರಿಂದ, ಲೋಡಿನ ಜೊತೆಗೇ ಇಳಿಯೋ ಜಾಗಗಳೂ ಇವೆ. ಅಷ್ಟರಮಟ್ಟಿಗೆ ಲಾಭ. ಆದರೆ ಬ್ಯಾಟರಿ ಇನ್ನೂರು ಕೆಜಿ ಇದ್ದರೆ, ಅಷ್ಟು ರೇಷನ್ ಕೆಳಗೇ ಉಳಿಯುತ್ತೆ.

ಚಳಿಯದು ಇನ್ನೊಂದು ತಕರಾರು. ಸಾಮಾನ್ಯ ಲಿಥಿಯಂ ಸೆಲ್ಲನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಕೂತು ಸೆಲ್ ಹಾಳಾಗುತ್ತೆ. ಮೊದಲು ಅದನ್ನ ಬೆಚ್ಚಗೆ ಮಾಡಬೇಕು, ಅದಕ್ಕೂ ಇಂಧನ ಬೇಕು.

ದೊಡ್ಡಪ್ಪನ ಕೊನೇ ಪ್ರಶ್ನೆಗೆ ನನ್ನ ಹತ್ತಿರ ಸ್ಲೈಡೇ ಇರಲಿಲ್ಲ: "ಕಣಿವೆ ಮೇಲೆ ಕೆಟ್ಟರೆ ಡ್ರೈವರ್ ಒಬ್ಬನೇ ಸರಿ ಮಾಡ್ಕೋಬಹುದಾ? ಒಂದು ಗಾಡಿ ನಿಂತರೆ ಹಿಂದಿನವೆಲ್ಲಾ ನಿಲ್ತವೆ. ಆ ಚಳೀಲಿ ಒಳಗೆ ಕೂತಿರೋದು ಮನುಷ್ಯರು."

ಹಾಗಾಗಿ ಈಗ ನಮ್ಮ ವಿನ್ಯಾಸದಲ್ಲಿ ಮೊದಲ ನಿಯಮ: ಹೈಬ್ರಿಡ್ ಭಾಗ ಪೂರ್ತಿ ಕೆಟ್ಟರೂ ಬರೀ ಡೀಸೆಲ್ಲಿನಲ್ಲಿ ಲಾರಿ ಕಣಿವೆ ದಾಟಬೇಕು. ಎರಡನೆಯದು: ಸುಟ್ಟ ಪ್ರತಿ ಲೀಟರಿಗೆ ಮೇಲೆ ತಲುಪಿದ ಸಾಮಾನೆಷ್ಟು ಅಂತ ಅಳೆಯಬೇಕು. ಬ್ಯಾಟರಿ ಬೆಚ್ಚಗಿಡೋ ಲೆಕ್ಕ ಇನ್ನೂ ಬಾಕಿ. ಕೆಮಿಕಲ್ ಬ್ರಾಂಚಿನ ಗೆಳೆಯರೇ, ಆಸಕ್ತಿ ಇದ್ದರೆ ಬನ್ನಿ, ತಂಡದಲ್ಲಿ ಒಂದು ಜಾಗ ಖಾಲಿ ಇದೆ.