ಬಚ್ಚಲಮನೆಗೆ ಹೊಳಪು ಬೇಕೋ, ಹಿಡಿತ ಬೇಕೋ?

ಸೋದರಿಯರೇ, ಮನೆ ಕಟ್ಟಿಸುವಾಗ ನಾವು ಅಡಿಗೆಮನೆಗೆ ತಲೆ ಕೆಡಿಸಿಕೊಂಡಷ್ಟು ಬಚ್ಚಲಮನೆಗೆ ಕೆಡಿಸಿಕೊಳ್ಳುವುದಿಲ್ಲ. ನಾನೂ ಅಷ್ಟೆ. ಬಾದಾಮಿಯ ನಮ್ಮ ಹಳೇ ಮನೆಯ ಬಚ್ಚಲಲ್ಲಿ ಒರಟಾದ ಕೆಂಪು ಮರಳುಗಲ್ಲು ಇತ್ತು. ಅದನ್ನು ಕೀಳಿಸಿ ಇಳಕಲ್ಲಿನ ಪಾಲಿಶ್ ಗ್ರಾನೈಟ್ ಹಾಕಿಸಿದೆ. ಮುಖ ಕಾಣುವಷ್ಟು ಹೊಳಪು! ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಎರಡನೇ ತಿಂಗಳಲ್ಲೇ ನಮ್ಮತ್ತೆ ಸಾಬೂನಿನ ನೀರಿನ ಮೇಲೆ ಜಾರಿ ಮುಂಗೈ ಮುರಿದುಕೊಂಡರು. ಪಟ್ಟಿ ಬಿಚ್ಚಿದ ಮೇಲೆ ಎಲ್ಲ ಸರಿಹೋಯಿತು ಅಂದುಕೊಂಡೆ. ಆದರೆ ಸುಡು ಬೇಸಿಗೆಯಲ್ಲೂ ಅವರ ತಂಬಿಗೆಯ ನೀರು ಹಾಗೇ ಇರುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ. "ನೀರು ಕುಡದ್ರ ಮ್ಯಾಲಿಂದ ಮ್ಯಾಲೆ ಬಚ್ಚಲಕ್ಕ ಹೋಗಬೇಕಾಗ್ತೈತಿ. ನನಗ ಅಂಜಿಕಿ ಬರ್ತೈತೆವ್ವಾ" ಎಂದರು. ನನ್ನ ಹೊಳಪಿನ ಬೆಲೆ ಆಗ ಗೊತ್ತಾಯಿತು ನೋಡಿ.

ಕಲ್ಲು ಕೀಳಿಸಲು ಮತ್ತೆ ದುಡ್ಡೆಲ್ಲಿಂದ ತರಲಿ? ಮೆತ್ತನೆಯ ಹಾಸು ಹುಡುಕಿದೆ. ತೆಂಗಿನ ನಾರಿನದು ಒಣಗಲೇ ಇಲ್ಲ, ವಾಸನೆ ಹಿಡಿಯಿತು. ಸ್ಪಂಜಿನಂಥ ಹಗುರ ಹಾಸು ಒಂದು ಬಕೆಟ್ ನೀರಿಗೇ ತೇಲಿತು. ಹಳೇ ಕೌದಿಯ ತುಂಡಂತೂ ಬೇಡವೇ ಬೇಡ, ನುಣುಪು ನೆಲದ ಮೇಲೆ ಅದೇ ಮೊದಲು ಜಾರುತ್ತದೆ! ಕೊನೆಗೆ ಸರಿಬಂದದ್ದು ತೂತುಗಳಿರುವ, ಅಡಿಯಲ್ಲಿ ಪುಟ್ಟ ಬಟ್ಟಲುಗಳಿರುವ ರಬ್ಬರ್ ಹಾಸು. ನೆಲ ತೊಳೆದು ಹಾಸಿ ಒತ್ತಿದರೆ ಕಚ್ಚಿಕೊಳ್ಳುತ್ತದೆ, ನೀರು ತೂತಿನಿಂದ ಇಳಿದುಹೋಗುತ್ತದೆ.

ನೀವೂ ಕೊಳ್ಳುವುದಾದರೆ ಇಷ್ಟು ನೆನಪಿಡಿ. ಬಟ್ಟಲಿನ ಹಾಸು ನುಣುಪು ನೆಲಕ್ಕೆ ಮಾತ್ರ. ಒರಟು ಕಲ್ಲಿಗೆ ಅದು ಅಂಟುವುದಿಲ್ಲ, ಅಲ್ಲಿ ದಪ್ಪನೆಯ, ತೂಕದ ರಬ್ಬರ್ ಹಾಸೇ ಬೇಕು. ಮಿಂದಾದ ಮೇಲೆ ದಿನವೂ ಎತ್ತಿ ನೇತುಹಾಕಿ. ಇಲ್ಲದಿದ್ದರೆ ಅಡಿಯಲ್ಲಿ ಪಾಚಿ ಕಟ್ಟಿ, ಜಾರದಿರಲೆಂದು ತಂದದ್ದೇ ಜಾರಿಸುತ್ತದೆ. ವಾರಕ್ಕೊಮ್ಮೆ ಎರಡೂ ಬದಿ ಉಜ್ಜಿ ತೊಳೆಯಿರಿ. ನಿಮ್ಮದು ಶಹಾಬಾದ್ ಕಲ್ಲಾದರೆ ಗಡಸು ನೀರಿನ ಕಲೆಗೆ ಆ್ಯಸಿಡ್ ಸುರಿಯಬೇಡಿ, ಅದು ಸುಣ್ಣದ ಕಲ್ಲು, ಮೈ ತಿಂದುಹೋಗುತ್ತದೆ. ಬ್ಲೀಚಿಂಗ್ ಪೌಡರಿಗೆ ಆ್ಯಸಿಡ್ ಬೆರೆಸಲೇಬೇಡಿ, ವಿಷಗಾಳಿ ಏಳುತ್ತದೆ. ಹೊಸದಾಗಿ ನೆಲ ಹಾಕಿಸುವವರು ಪಾಲಿಶ್ ಮಾಡದ ಕಲ್ಲು ಕೇಳಿ, ಮೋರಿಯ ಕಡೆಗೆ ಇಳಿಜಾರು ಕೊಡಿಸಿ.

ಹಾಸಿನ ಜೊತೆ ಗೋಡೆಗೊಂದು ಕಬ್ಬಿಣದ ಹಿಡಿಕೆಯನ್ನೂ ಜಡಿಸಿದೆ. ನನ್ನ ಹೊಳೆಯುವ ಕಲ್ಲು ಈಗ ಅರ್ಧಕ್ಕರ್ಧ ಮುಚ್ಚಿಹೋಗಿದೆ, ತೋರಿಸಿಕೊಳ್ಳಲು ಏನೂ ಉಳಿದಿಲ್ಲ. ಆದರೆ ಮೊನ್ನೆ ಮಧ್ಯಾಹ್ನ ನಮ್ಮತ್ತೆ ಖಾಲಿ ತಂಬಿಗೆ ಮುಂದೆ ಹಿಡಿದು, "ಇನ್ನೊಂದೀಟು ನೀರು ಹಾಕವಾ" ಎಂದರು. ನನಗೆ ಅಷ್ಟೇ ಸಾಕು.