ಹುಲ್ಲಿನ ದರ

ಮುಂಬಯಿಯಲ್ಲಿ ನಾನು ಹುಲ್ಲು ಕೊಯ್ಸಿ ಬದುಕುತ್ತೇನೆ ಎಂದರೆ ಊರಿನವರು ಮೊದಲು ನಗುತ್ತಾರೆ. ಬೊಂಬಾಯಿಗೆ ಹೋದವನು ಹೋಟೆಲು ಇಡಬೇಕು, ಇಲ್ಲವೇ ಬ್ಯಾಂಕಿನಲ್ಲಿರಬೇಕು ಎಂಬುದು ನಮ್ಮ ಕುಂದಾಪುರ ಕಡೆಯ ಲೆಕ್ಕ. 1986ರಲ್ಲಿ ನಾನು ಬಂದದ್ದೂ ಹೋಟೆಲಿಗೇ. ಹಗಲು ಫೋರ್ಟಿನಲ್ಲಿ ಟೇಬಲು ಒರೆಸಿ, ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಕೊನೆಗೆ ಅಂಧೇರಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆದೆ. 2008ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ನಲವತ್ತು ದಾಟಿದವನಿಗೆ ಹೊಸ ನೌಕರಿ ಯಾರು ಕೊಡುತ್ತಾರೆ?

ಗೋರೆಗಾಂವ್ ಪೂರ್ವದಲ್ಲಿರುವ ನಮ್ಮ ಸೊಸೈಟಿಯ ಹಿಂದೆಯೇ ಆರೆ ಕಾಲನಿಯ ಕಾಡು. ಮರು ವರ್ಷ ಮಳೆಗಾಲದಲ್ಲಿ ಹುಲ್ಲು ಸೊಂಟದೆತ್ತರ ಬೆಳೆದು, ಮೆಟ್ಟಿಲ ಬುಡದಲ್ಲಿ ಒಂದು ನಾಗರಹಾವು ಕಾಣಿಸಿಕೊಂಡಿತು. 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮೇಲೆ ಇಲಿಜ್ವರಕ್ಕೆ ಜನ ಸತ್ತದ್ದನ್ನೂ ಯಾರೂ ಮರೆತಿರಲಿಲ್ಲ. ಹುಲ್ಲೆಂದರೆ ಹಾವು, ಇಲಿ, ಸೊಳ್ಳೆ. ಮಾಲಿ ಕತ್ತಿ ಹಿಡಿದು ನಾಲ್ಕು ದಿನ ಬೇಕು ಅಂದ. ನನಗೆ ಊರಿನ ಅಡಿಕೆ ತೋಟಗಳಲ್ಲಿ ಹೆಗಲಿಗೆ ಹಾಕಿಕೊಂಡು ಹುಲ್ಲು ಹೊಡೆಯುವ ಯಂತ್ರ ನೆನಪಾಯಿತು. ಕಾರ್ಖಾನೆಯಿಂದ ಬಂದ ಹಣದಲ್ಲಿ ಒಂದು ಬ್ರಶ್ ಕಟರ್ ಕೊಂಡೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳಿಗೆ ಅರ್ಥವೇ ಆಗಲಿಲ್ಲ. "ಹುಲ್ ಕೊಯ್ಸುಕೂ ದುಡ್ ಕೊಡ್ತ್ರಾ ಅಲ್ಲಿ? ಮತ್ತೆ ಆ ಹುಲ್ಲ್ ಎಂತ ಮಾಡ್ತ್ರ್?" ಎಸೆಯುತ್ತಾರೆ ಎಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಗದ್ದೆಯ ಅಂಚಿನಿಂದ ಒಂದು ಹೊರೆ ಹುಲ್ಲು ತಂದು ಹಟ್ಟಿಗೆ ಹಾಕದೆ ಕಾಫಿ ಕುಡಿದವಳಲ್ಲ ಅವಳು.

ಎಸೆಯದೆ ಬೇರೆ ದಾರಿಯೂ ಇರಲಿಲ್ಲ. 1949ರಲ್ಲಿ ಆರಂಭವಾದ ಆರೆ ಹಾಲಿನ ಕಾಲನಿಯಲ್ಲಿ ಇವತ್ತಿಗೂ ಎಮ್ಮೆಯ ತಬೇಲಾಗಳಿವೆ. ಮೊದಲ ದಿನ ಟೆಂಪೋ ತುಂಬಾ ಹುಲ್ಲು ಒಯ್ದೆ. ತಬೇಲಾದ ಭಯ್ಯಾ ಒಂದು ಹಿಡಿ ಎತ್ತಿ ಬಿಡಿಸಿ ತೋರಿಸಿದ. ಯಂತ್ರ ಹೊಡೆದ ಹುಲ್ಲು ಪುಡಿಪುಡಿ. ಜೊತೆಗೆ ಗುಟ್ಕಾ ಚೀಟಿ, ಪ್ಲಾಸ್ಟಿಕ್, ಯಂತ್ರದ್ದೇ ನೈಲಾನ್ ಹುರಿಯ ಚೂರು. ಎಮ್ಮೆ ಸತ್ತರೆ ನೀನು ಕೊಡ್ತೀಯಾ ಅಂದ. ಅಂದಿನಿಂದ ಹುಲ್ಲು ಸಾಗಿಸುವುದೂ ಒಂದು ಖರ್ಚಾಯಿತು.

ದರ ಹೇಳುವುದು ಕಲಿಯಲು ನನಗೆ ಮೂರು ಮಳೆಗಾಲ ಬೇಕಾಯಿತು. ಇಲ್ಲಿ ಸೊಸೈಟಿಯವರು ಮೂರು ಕೊಟೇಶನ್ ತರಿಸುತ್ತಾರೆ, ಕಡಿಮೆ ಹೇಳಿದವನಿಗೆ ಕೆಲಸ. ಬೇರೆಯವರು 1,200 ಎಂದರೆ ನಾನು 1,100 ಎನ್ನುತ್ತಿದ್ದೆ. ಪೆಟ್ರೋಲು ಮತ್ತು ಕೂಲಿ ಕಳೆದು ಉಳಿದದ್ದೆಲ್ಲ ಲಾಭ ಎಂದೇ ನಂಬಿದ್ದೆ. ಮೊದಲ ವರ್ಷವೇ ಒಂದು ಯಂತ್ರ ಸುಟ್ಟುಹೋಯಿತು. ಟು ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಅವಸರದಲ್ಲಿ ಬರೀ ಪೆಟ್ರೋಲು ಹಾಕಿದ್ದೆವು, ಪಿಸ್ಟನ್ ಹಿಡಿದುಕೊಂಡಿತು. ಆ ಹಂಗಾಮಿನ ಲಾಭವೆಲ್ಲ ಅಲ್ಲಿಗೇ ಹೋಯಿತು. ಆಗಲೂ ನನಗೆ ಬುದ್ಧಿ ಬರಲಿಲ್ಲ.

2011ರಲ್ಲಿ ನನ್ನ ಬಳಿ ಇಂಡಿ ತಾಲೂಕಿನ ಒಬ್ಬ ಹುಡುಗನಿದ್ದ. ಕಟ್ಟಡದ ಕೆಲಸಕ್ಕೆ ತಂದೆತಾಯಿಯ ಜೊತೆ ಬಂದವನು, ಹತ್ತೊಂಬತ್ತು ವರ್ಷ. ಕರಾವಳಿಯವರೆಲ್ಲ ಅವನಿಗೆ ಶೆಟ್ರೇ. ನಾನು ಶೆಟ್ಟಿಯಲ್ಲ ಮಾರಾಯ ಎಂದರೂ "ಇರ್ಲಿ ಬಿಡ್ರಿ ಶೆಟ್ರ" ಎನ್ನುತ್ತಿದ್ದ. ಯಂತ್ರಕ್ಕೆ ಎರಡು ಬಗೆಯ ತಲೆ ಹಾಕಬಹುದು. ಗೋಡೆ, ಕಲ್ಲು, ಪೈಪು ಇರುವಲ್ಲಿ ನೈಲಾನ್ ಹುರಿ. ಬಯಲಿನ ದಪ್ಪ ಹುಲ್ಲಿಗೆ ಉಕ್ಕಿನ ಬ್ಲೇಡು. ಹುರಿ ಗೋಡೆಗೆ ತಾಗಿ ಬೇಗ ಸವೆಯುತ್ತದೆ, ದುಡ್ಡು ಹೋಗುತ್ತದೆ. ಗೋಡೆ ಬದಿಗೂ ಬ್ಲೇಡೇ ಹಾಕು ಎಂದವನು ನಾನೇ. ಕಣ್ಣಿಗೆ ಕೊಟ್ಟದ್ದು ನಲವತ್ತು ರೂಪಾಯಿಯ ಕನ್ನಡಕ. ಅದು ಬೆವರಿಗೆ ಮಂಜಾಗುತ್ತದೆಂದು ಅವನು ಹಣೆಯ ಮೇಲೆ ಏರಿಸಿಕೊಂಡಿದ್ದ. ನಾನು ನೋಡಿದ್ದೆ, ಏನೂ ಹೇಳಲಿಲ್ಲ. ಆಗಸ್ಟ್ 15ರ ಧ್ವಜಾರೋಹಣಕ್ಕೆ ಎರಡೇ ದಿನವಿತ್ತು, ಇನ್ನೂ ಮೂರು ಸೊಸೈಟಿಗಳ ಕೆಲಸ ಬಾಕಿ ಇತ್ತು.

ಬ್ಲೇಡು ಕಲ್ಲಿಗೆ ತಾಗಿದ ಸದ್ದು ಕೇಳಿತು. "ಶೆಟ್ರ, ಕಣ್ಣಾಗ ಏನೋ ಹೊಕ್ಕೈತ್ರಿ" ಎಂದು ಅವನು ಮೆಲ್ಲಗೆ ಹೇಳಿದ. ಬೆರಳುಗಳ ನಡುವಿನಿಂದ ರಕ್ತ ಇಳಿಯುತ್ತಿತ್ತು. ಆಸ್ಪತ್ರೆಯಲ್ಲಿ ಹನ್ನೆರಡು ದಿನ. ಕಣ್ಣು ಉಳಿಯಿತು, ನೋಟ ಪೂರ್ತಿ ಉಳಿಯಲಿಲ್ಲ. ಆ ಬದಿಯಿಂದ ಅವನಿಗೆ ಮಬ್ಬು ಬೆಳಕು ಮಾತ್ರ. ಆಸ್ಪತ್ರೆಯ ಖರ್ಚು ಕೊಟ್ಟೆ, ಕೈಯಲ್ಲಿದ್ದ ಇನ್ನಷ್ಟು ಕೊಟ್ಟೆ. ಅವನ ಅಪ್ಪ ಕೈಮುಗಿದರು. ಆ ಕೈಮುಗಿತ ನನಗೆ ಇವತ್ತಿಗೂ ಸಹಿಸಲಾಗದು. ಮುಖವನ್ನೆಲ್ಲ ಮುಚ್ಚುವ ಜಾಲರಿಯ ಹೆಲ್ಮೆಟ್ಟಿಗೆ ಆಗ ಆರುನೂರು ರೂಪಾಯಿ. ಅದು ನನ್ನ ದರದಲ್ಲಿ ಇರಲಿಲ್ಲ. ದರದಲ್ಲಿ ನಾನು ಬಿಟ್ಟದ್ದನ್ನು ಆ ಹುಡುಗ ಕಣ್ಣಿನಿಂದ ತೆತ್ತ.

ಆ ದೀಪಾವಳಿಗೆ ಊರಿಗೆ ಹೋಗದೆ ಒಂದು ನೋಟುಪುಸ್ತಕ ಹಿಡಿದು ಕೂತೆ. ಲೆಕ್ಕದ ಆ ಸಾಲುಗಳೇ ಇಂದಿಗೂ ನಡೆದಿವೆ, ಅಂಕಿ ಮಾತ್ರ ಬದಲಾಗಿವೆ. ಇವತ್ತಿನ ಒಂದು ದಿನದ ಲೆಕ್ಕ ಹೀಗಿದೆ. ಯಂತ್ರದ ಬೆಲೆ 27,000. ಮೂರು ಹಂಗಾಮು, ಹಂಗಾಮಿಗೆ ತೊಂಬತ್ತು ದಿನ ಬಾಳಿದರೆ ದಿನಕ್ಕೆ 100. ಮುಂಬಯಿಯಲ್ಲಿ 2021ರ ಮೇ ಕೊನೆಗೇ ಪೆಟ್ರೋಲು ಲೀಟರಿಗೆ ನೂರು ದಾಟಿತು. ಐದು ತಾಸಿಗೆ ನಾಲ್ಕು ಲೀಟರ್, ಆಯಿಲ್ ಸೇರಿ 450. ಹುರಿ, ಬ್ಲೇಡು, ಪ್ಲಗ್ಗಿಗೆ 120. ಹೊಡೆಯುವವನಿಗೆ 900, ಬಾಚುವವನಿಗೆ 700. ಟೆಂಪೋಗೆ 500. ಹೆಲ್ಮೆಟ್, ಗಂಬೂಟು, ವಿಮೆಗೆ 60. ಇನ್ನು ಮಳೆ ಬಿಡದೆ ಕೆಲಸ ನಿಂತ ದಿನ ಇಬ್ಬರಿಗೂ ಅರ್ಧ ಕೂಲಿ. ಅಂಥ ನಲವತ್ತೈದು ದಿನದ ಹಣವನ್ನು ತೊಂಬತ್ತಕ್ಕೆ ಹಂಚಿದರೆ 400. ಒಟ್ಟು 3,230. ನನಗೆ 770. ದಿನಕ್ಕೆ ಸುಮಾರು ಇಪ್ಪತ್ತು ಸಾವಿರ ಚದರಡಿ ಆಗುತ್ತದೆ. ಅಂದರೆ ಚದರಡಿಗೆ ಇಪ್ಪತ್ತು ಪೈಸೆ.

ಕೊಟೇಶನ್ನಿನಲ್ಲಿ ಈ ಸಾಲುಗಳನ್ನೆಲ್ಲ ಬಿಡಿಬಿಡಿಯಾಗಿ ಬರೆಯುತ್ತೇನೆ. ಹಾಗೆ ಬರೆಯಬಾರದು, ಒಟ್ಟು ಮೊತ್ತ ಮಾತ್ರ ಹೇಳಬೇಕು ಎಂದು ದಂಧೆ ಗೊತ್ತಿದ್ದವರು ಬುದ್ಧಿ ಹೇಳಿದ್ದಾರೆ. ಸೆಕ್ರೆಟರಿಗಳ ಕಣ್ಣು ಮೊದಲು ಬೀಳುವುದು ಮಳೆ ದಿನದ ಕೂಲಿಯ ಮೇಲೆ, ಆಮೇಲೆ ಹೆಲ್ಮೆಟ್ಟಿನ ಮೇಲೆ. ಇದು ನಿಮ್ಮ ಖರ್ಚು, ನಾವ್ಯಾಕೆ ಕೊಡಬೇಕು ಎನ್ನುತ್ತಾರೆ. ಕೊಡಬೇಡಿ, ಬೇರೆಯವರನ್ನು ಕರೆಯಿರಿ ಎನ್ನುವುದನ್ನು ಕಲಿತಿದ್ದೇನೆ. ಪೊವಾಯಿಯಲ್ಲಿ ಏಳು ಕಟ್ಟಡಗಳ ಒಂದು ದೊಡ್ಡ ಕೆಲಸ ಹಾಗೆಯೇ ಹೋಯಿತು. ಹೆಂಡತಿ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಯಂತ್ರ ನಡೆಯುವಾಗ ಹದಿನೈದು ಮೀಟರಿನೊಳಗೆ ಯಾರೂ ಬರಬಾರದು ಎಂದು ಹಗ್ಗ ಕಟ್ಟುತ್ತೇನೆ. ಅದಕ್ಕೂ ಜನ ಬೈಯುತ್ತಾರೆ.

ಆ ಹುಡುಗ ಊರಿಗೆ ಹಿಂತಿರುಗಿದ ಮೇಲೆ ಹಬ್ಬಕ್ಕೊಮ್ಮೆ ನಾನೇ ಫೋನು ಮಾಡುತ್ತಿದ್ದೆ. ಹೋದ ವರ್ಷ ಅವನದೇ ಫೋನು ಬಂತು. ಇಂಡಿ ಕಡೆ ಲಿಂಬೆ ತೋಟಗಳು ಹೆಚ್ಚು. ಅಲ್ಲಿ ಹುಲ್ಲು ಹೊಡೆಯಲು ತಾನೇ ಒಂದು ಯಂತ್ರ ಕೊಂಡಿದ್ದಾನಂತೆ. "ತಾಸಿಗೆ ಎಷ್ಟ್ ಹೇಳ್ಲಿರಿ ಶೆಟ್ರ?" ಎಂದು ಕೇಳಿದ. ಮೊದಲು ಹೆಲ್ಮೆಟ್ ತಗೊಂಡೆಯೇನಪ್ಪ ಎಂದೆ. ನಕ್ಕ. "ಅದಿಲ್ಲದ ಹೆಂಗ್ರಿ, ಉಳಿದದ್ದು ಒಂದ ಕಣ್ಣ."

ನೋಟುಪುಸ್ತಕ ತೆಗೆದು ಒಂದೊಂದೇ ಸಾಲು ಓದಿದೆ. ಅವನು ಬರೆದುಕೊಂಡ. ಟೆಂಪೋ ಎಂದಾಗ ತಡೆದ. "ಇಲ್ಲಿ ಅದು ಬೇಕಿಲ್ರಿ. ಹುಲ್ಲ ದನಕ್ಕಂತ ತೋಟದವರ ಒಯ್ತಾರ. ನನ್ನ ರೊಕ್ಕದಾಗ ಹುಲ್ಲಿನ ಕಿಮ್ಮತ್ತು ಕಳೀರಿ ಅಂತಾರ. ಎಷ್ಟ್ ಕಳೀಬೇಕ್ರಿ?"

ಹುಲ್ಲಿಗೆ ಎಷ್ಟು ಎಂದು ನನ್ನ ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ. ನಮ್ಮ ಅಮ್ಮನಿದ್ದಿದ್ದರೆ ಕೇಳಿ ಹೇಳುತ್ತಿದ್ದೆ ಎಂದೆ.